ಚೀಲ ಒಂದು, ಕೈ ಹಲವು: ಹಳೆ ಜರ್ಮನ್ ಪಿಸ್ತೂಲು ಹೋಲ್ಸ್ಟರ್‌ಗಳ ಮುದ್ರೆ ಓದುವುದು

ಪರದೆಯ ಮೇಲೆ ಎರಡು ಹೋಲ್ಸ್ಟರ್, ಅಂದರೆ ಪಿಸ್ತೂಲು ಇಡುವ ಚೀಲ, ಕಾಣಿಸುತ್ತಿವೆ. ಎರಡೂ ಕಪ್ಪು ಚರ್ಮದವು. ಎರಡೂ ಲ್ಯೂಗರ್ ಪಿಸ್ತೂಲಿಗೆ ಮಾಡಿದವು. ದೂರದಿಂದ ನೋಡಿದರೆ ವ್ಯತ್ಯಾಸವೇ ತಿಳಿಯುವುದಿಲ್ಲ. ಆದರೆ ಎಡಗಡೆಯದರ ಬೆಲೆ ಬಲಗಡೆಯದಕ್ಕಿಂತ ತುಂಬಾ ಜಾಸ್ತಿ. ಕಾರಣ, ಮಾರುವವರು ಅದರ ಕೆಳಗೆ ಬರೆದಿರುವ ಒಂದೇ ಮಾತು: ‘ಎಲ್ಲವೂ ಮ್ಯಾಚಿಂಗ್’. ಅಂದರೆ ಪಿಸ್ತೂಲು, ಹೋಲ್ಸ್ಟರ್, ಉಳಿದ ಸಾಮಾನು ಎಲ್ಲ ಒಂದೇ ಸೆಟ್ಟಿನವು ಎಂದು.

ಈ ಮಾತು ಕೇಳಿದಾಗಲೆಲ್ಲ ನನಗೆ ಒಂದು ಪ್ರಶ್ನೆ ಏಳುತ್ತದೆ. ಮ್ಯಾಚಿಂಗ್ ಸರಿ, ಯಾರು ಮಾಡಿದ್ದು? ಕಾರ್ಖಾನೆಯವರಾ, ಸೇನೆಯವರಾ, ಅಥವಾ ಹೋದ ವಾರ ಅಂಗಡಿಯವರಾ? ಇವತ್ತಿನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ. ಪಿಸ್ತೂಲಿನ ಬಗ್ಗೆ ಬೇಕಾದಷ್ಟು ಜನ ಮಾತಾಡುತ್ತಾರೆ. ಚೀಲದ ಬಗ್ಗೆ ಮಾತಾಡುವವರು ಕಮ್ಮಿ. ಅದಕ್ಕೇ ನಾನು ಚೀಲ ಹಿಡಿದುಕೊಂಡು ಬಂದಿದ್ದೇನೆ.

ಮೊದಲು ಚೀಲದಲ್ಲಿ ಏನೇನಿತ್ತು ನೋಡೋಣ. ಜರ್ಮನ್ ಸೇನೆ ಲ್ಯೂಗರನ್ನು 1908ರಲ್ಲಿ ಒಪ್ಪಿಕೊಂಡಿತು. ಅದಕ್ಕೇ ಅದರ ಸೇನಾ ಹೆಸರು ಪಿ.08. ನೌಕಾದಳ ಇನ್ನೂ ಮೊದಲೇ, 1904ರಲ್ಲೇ, ಉದ್ದ ನಳಿಕೆಯ ಮಾದರಿಯನ್ನು ತೆಗೆದುಕೊಂಡಿತ್ತು. ಪಿ.08ರ ಹೋಲ್ಸ್ಟರ್ ಗಟ್ಟಿ ಚರ್ಮದ್ದು. ಮೇಲೆ ದೊಡ್ಡ ಮುಚ್ಚಳ, ಅದಕ್ಕೆ ಪಟ್ಟಿ ಮತ್ತು ಬಕಲ್. ಹಿಂದೆ ಬೆಲ್ಟಿಗೆ ಎರಡು ಕುಣಿಕೆ. ಪಕ್ಕದ ಅಂಚಿಗೆ ಸೇರಿಸಿ ಹೊಲಿದ ಒಂದು ಸಣ್ಣ ಚೀಲ, ಅದರಲ್ಲಿ ಇನ್ನೊಂದು ಮ್ಯಾಗಜೀನ್, ಅಂದರೆ ಗುಂಡು ತುಂಬುವ ಡಬ್ಬಿ. ಒಳಗಿನಿಂದ ಹಾದು ಹೊರಗೆ ತುದಿ ತೋರಿಸುವ ಒಂದು ಉದ್ದ ಪಟ್ಟಿಯೂ ಇರುತ್ತದೆ. ಅದನ್ನು ಎಳೆದರೆ ಪಿಸ್ತೂಲು ತಾನಾಗಿ ಮೇಲೆ ಏಳುತ್ತದೆ.

ಮುಚ್ಚಳ ಎತ್ತಿದರೆ ಒಳಮೈಯಲ್ಲಿ ಒಂದು ಪುಟ್ಟ ಜೇಬು ಸಿಗುತ್ತದೆ. ಬಹಳ ಜನ ಇದನ್ನು ಗಮನಿಸುವುದೇ ಇಲ್ಲ. ಅದರಲ್ಲಿ ಒಂದು ಬಾಗಿದ ಕಬ್ಬಿಣದ ತುಂಡು ಇರಬೇಕು. ಒಂದು ತುದಿ ಸ್ಕ್ರೂಡ್ರೈವರ್. ಇನ್ನೊಂದು ತುದಿಯಲ್ಲಿ ತೂತು. ಲ್ಯೂಗರ್ ಮ್ಯಾಗಜೀನಿಗೆ 8 ಗುಂಡು ಹಿಡಿಯುತ್ತವೆ. ಸ್ಪ್ರಿಂಗ್ ಎಷ್ಟು ಬಿಗಿ ಎಂದರೆ ಕೊನೆಯ ಒಂದೆರಡು ಗುಂಡು ತುರುಕುವಷ್ಟರಲ್ಲಿ ಹೆಬ್ಬೆರಳು ನೋಯುತ್ತದೆ. ಆಗ ಈ ತೂತನ್ನು ಮ್ಯಾಗಜೀನಿನ ಪಕ್ಕದ ಗುಂಡಿಗೆ ಸಿಕ್ಕಿಸಿ ಕೆಳಗೆ ಎಳೆಯುತ್ತಿದ್ದರು. ಹಿಡಿಕೆಯ ಸ್ಕ್ರೂ ಬಿಚ್ಚುವುದಕ್ಕೂ ಇದೇ.

ಅಂದರೆ ಒಬ್ಬ ಸೈನಿಕನ ಕೈಗೆ ಬರುತ್ತಿದ್ದದ್ದು ಇಷ್ಟು: ಪಿಸ್ತೂಲು, ಅದರೊಳಗೊಂದು ಮ್ಯಾಗಜೀನ್, ಚೀಲದಲ್ಲೊಂದು ಮ್ಯಾಗಜೀನ್, ಸ್ಕ್ರೂಡ್ರೈವರ್, ಹೋಲ್ಸ್ಟರ್. ಇದರಲ್ಲಿ ನಂಬರ್ ಯಾವುದಕ್ಕಿತ್ತು, ಯಾವುದಕ್ಕಿರಲಿಲ್ಲ ಅನ್ನುವುದರಲ್ಲೇ ಅರ್ಧ ವಿಷಯ ಅಡಗಿದೆ.

ಪಿಸ್ತೂಲಿಗೆ ನಂಬರ್ ಇತ್ತು, ಅದೂ ಸಿಕ್ಕಾಪಟ್ಟೆ. ದೊಡ್ಡ ಭಾಗಗಳ ಮೇಲೆ ಪೂರ್ತಿ ನಂಬರ್, ಸಣ್ಣ ಸಣ್ಣ ಭಾಗಗಳ ಮೇಲೆ ಕೊನೆಯ ಎರಡು ಅಂಕಿ. ನಂಬರಿನ ಕೆಳಗೆ ಒಂದು ಅಕ್ಷರವೂ ಇರುತ್ತದೆ. ಅದನ್ನು ಮರೆಯಬಾರದು. ಸೇನೆಗೆ ಮಾಡುತ್ತಿದ್ದ ಪಿಸ್ತೂಲುಗಳಿಗೆ ವರ್ಷ ಬದಲಾದಾಗ ನಂಬರ್ ಮತ್ತೆ ಒಂದರಿಂದ ಶುರು. ಹತ್ತು ಸಾವಿರ ಆದ ಮೇಲೆ ‘ಎ’, ಆಮೇಲೆ ‘ಬಿ’, ಹೀಗೆ ಮುಂದಕ್ಕೆ. ಆದ್ದರಿಂದ 4521 ಎಂಬ ನಂಬರಿನ ಲ್ಯೂಗರ್ ಒಂದೇ ಅಲ್ಲ, ಎಷ್ಟೋ ಇವೆ. ವರ್ಷ, ಕಾರ್ಖಾನೆ, ಅಕ್ಷರ ಮೂರೂ ಸೇರಿದರೆ ಮಾತ್ರ ಅದು ಒಂದೇ ಒಂದು ಪಿಸ್ತೂಲು.

ಮ್ಯಾಗಜೀನಿಗೂ ನಂಬರ್ ಇತ್ತು. ಅದರ ತಳದಲ್ಲಿ, ಬೆರಳಿಗೆ ಸಿಗುವ ಜಾಗದಲ್ಲಿ, ಪಿಸ್ತೂಲಿನದೇ ನಂಬರ್ ಮತ್ತು ಅದೇ ಅಕ್ಷರ ಒತ್ತುತ್ತಿದ್ದರು. ಮೊದಲ ಮಹಾಯುದ್ಧದ ಕಾಲದ ಮ್ಯಾಗಜೀನುಗಳ ತಳ ಮರದ್ದು. ಆಮೇಲೆ ಅಲ್ಯುಮಿನಿಯಂ ಬಂತು, ಕೊನೆಗೆ ಕಪ್ಪು ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್. ಎರಡು ಮ್ಯಾಗಜೀನುಗಳಲ್ಲಿ ಪಿಸ್ತೂಲಿನೊಳಗಿನದು ಯಾವುದು, ಚೀಲದ್ದು ಯಾವುದು ಎಂದು ಹೇಗೆ ಗೊತ್ತಾಗುತ್ತಿತ್ತು? ಚೀಲದ್ದಕ್ಕೆ ನಂಬರಿನ ಜೊತೆ ಒಂದು ಕೂಡಿಸುವ ಚಿಹ್ನೆ ಒತ್ತುತ್ತಿದ್ದರು. ಪೊಲೀಸರ ಪದ್ಧತಿ ಬೇರೆ. ಅವರು 1, 2 ಎಂದು ಹಾಕುತ್ತಿದ್ದರು. ಹಾಗಾಗಿ ಸೇನೆಯ ಹೋಲ್ಸ್ಟರಿನ ಚೀಲದಿಂದ ‘2’ ಎಂದು ಒತ್ತಿದ ಮ್ಯಾಗಜೀನ್ ಹೊರಬಂದರೆ, ಅದು ಅಲ್ಲಿಗೆ ಹೇಗೆ ಬಂತು ಎಂದು ಕೇಳಬೇಕಾಗುತ್ತದೆ.

ಇಲ್ಲೇ ಮಜಾ ಇರುವುದು. ಪಿಸ್ತೂಲಿನ ನಂಬರಿನ ಜೊತೆ ಎರಡೂ ಮ್ಯಾಗಜೀನ್ ಹೊಂದಿಕೊಂಡರೆ ಅದು ನಿಜಕ್ಕೂ ಅಪರೂಪ. ಯಾಕೆಂದರೆ ಮ್ಯಾಗಜೀನ್ ಕಳೆದುಹೋಗುವ ವಸ್ತು. ರಾತ್ರಿ ಕಂದಕದಲ್ಲಿ ಗುಂಡು ತುಂಬುವವನು ತಳ ತಿರುಗಿಸಿ ನಂಬರ್ ಓದುತ್ತಾ ಕೂರುವುದಿಲ್ಲ, ಅಲ್ವಾ? ಪಕ್ಕದವನದ್ದು ಇವನ ಚೀಲಕ್ಕೆ, ಇವನದ್ದು ಅವನ ಚೀಲಕ್ಕೆ. ದುರಸ್ತಿಗೆ ಹೋದ ಪಿಸ್ತೂಲು ಬೇರೆ ಮ್ಯಾಗಜೀನಿನೊಂದಿಗೆ ವಾಪಸ್. ಶರಣಾಗತಿಯ ದಿನ ಎಲ್ಲವೂ ಒಂದೇ ರಾಶಿಗೆ. ಇಷ್ಟೆಲ್ಲ ದಾಟಿ ಮೂರೂ ಒಟ್ಟಿಗೆ ಉಳಿದಿವೆ ಎಂದರೆ ಸಂತೋಷ ಪಡುವ ಮೊದಲು ತಳದ ಅಂಕಿಗಳನ್ನು ಭೂತಗನ್ನಡಿಯಲ್ಲಿ ನೋಡಿ. ಹಳೆ ಅಂಕಿ ಕೆರೆದು ಹೊಸದು ಒತ್ತಿದ್ದರೆ ಅಲ್ಯುಮಿನಿಯಂ ತಳದ ಆ ಭಾಗ ಸ್ವಲ್ಪ ತಗ್ಗಾಗಿರುತ್ತದೆ. ಸುತ್ತಲಿನ ಹಳೆ ಗೀರುಗಳು ಅಲ್ಲಿಗೆ ಬಂದು ತುಂಡಾಗಿ ನಿಂತಿರುತ್ತವೆ.

ಇನ್ನೊಂದು ಬಲೆ ಇದೆ. ಎರಡನೇ ಮಹಾಯುದ್ಧದ ನಡುವೆ ಜೂಲ್ ಊರಿನ ಹೇನೆಲ್ ಕಂಪನಿಯ ಮ್ಯಾಗಜೀನುಗಳು ಬಂದವು. ಅವುಗಳ ಮೇಲೆ ‘ಎಫ್‌ಎಕ್ಸ್‌ಒ’ ಎಂಬ ಗುಟ್ಟಿನ ಅಕ್ಷರ, ಹದ್ದಿನ ಕೆಳಗೆ 37. ಈ ಮ್ಯಾಗಜೀನುಗಳಿಗೆ ಸಾಮಾನ್ಯವಾಗಿ ಪಿಸ್ತೂಲಿನ ನಂಬರ್ ಹಾಕುತ್ತಿರಲಿಲ್ಲ. 1942ರ ಪಿಸ್ತೂಲಿನ ಚೀಲದಲ್ಲಿ ನಂಬರಿಲ್ಲದ ಎಫ್‌ಎಕ್ಸ್‌ಒ ಇದ್ದರೆ ಅದು ಕೊರತೆಯಲ್ಲ, ಸರಿಯಾಗಿಯೇ ಇದೆ. ನಂಬರ್ ಒತ್ತಿದ ಎಫ್‌ಎಕ್ಸ್‌ಒ ಸಿಕ್ಕರೆ ಮಾತ್ರ ನನಗೆ ಅನುಮಾನ. ನಂಬರ್ ಇದ್ದರೆ ಒಳ್ಳೆಯದು ಎಂದಷ್ಟೇ ಗೊತ್ತಿರುವ ಯಾರೋ ಹಾಕಿರಬಹುದು.

ಸ್ಕ್ರೂಡ್ರೈವರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದಕ್ಕೆ ನಂಬರ್ ಇಲ್ಲ, ತಪಾಸಣೆಯ ಮುದ್ರೆ ಮಾತ್ರ. ಕೈಸರ್, ಅಂದರೆ ಜರ್ಮನ್ ಚಕ್ರವರ್ತಿಯ ಕಾಲದ್ದಾದರೆ ಕಿರೀಟ, ಹಿಟ್ಲರ್ ಕಾಲದ್ದಾದರೆ ಹದ್ದು ಮತ್ತು ಅಂಕಿ. ಮೌಸರ್ ಕಾರ್ಖಾನೆಯ ಪಿಸ್ತೂಲುಗಳ ಮೇಲೆ ಕಾಣುವ 63, 655 ಎಂಬ ತಪಾಸಣೆ ಅಂಕಿಗಳು ಸ್ಕ್ರೂಡ್ರೈವರ್ ಮೇಲೂ ಬರುತ್ತವೆ. ಪಿಸ್ತೂಲಿನ ಮೇಲೆ 63, ಸ್ಕ್ರೂಡ್ರೈವರ್ ಮೇಲೂ 63 ಇದ್ದರೆ ‘ಒಂದೇ ಕಾಲದ್ದು’ ಎನ್ನಬಹುದು. ‘ಒಂದೇ ಸೆಟ್ಟಿನದು’ ಎನ್ನಲು ಅಷ್ಟು ಸಾಲದು.

ಈಗ ಹೋಲ್ಸ್ಟರಿಗೆ ಬರೋಣ. ಅದಕ್ಕೆ ಪಿಸ್ತೂಲಿನ ನಂಬರ್ ಹಾಕುವ ಪದ್ಧತಿ ಇರಲಿಲ್ಲ. ಹಾಗಾದರೆ ‘ಮ್ಯಾಚಿಂಗ್ ಹೋಲ್ಸ್ಟರ್’ ಎನ್ನುವುದಕ್ಕೆ ಆಧಾರ ಏನು?

ಆಧಾರ ಎರಡು ಬಗೆಯ ಮುದ್ರೆಗಳು. ನಮ್ಮ ಮನೆಗಳ ಸ್ಟೀಲ್ ಪಾತ್ರೆ ತಿರುಗಿಸಿ ನೋಡಿ. ತಳದಲ್ಲಿ ಕಂಪನಿಯ ಠಸ್ಸೆ ಇರುತ್ತದೆ. ಕಂಠದ ಹತ್ತಿರ ಮದುವೆಗೆ ಉಡುಗೊರೆ ಕೊಟ್ಟವರ ಹೆಸರು, ತಾರೀಖು ಕೊರೆದಿರುತ್ತದೆ. ಮೊದಲನೆಯದು ಯಾರು ಮಾಡಿದರು ಎನ್ನುತ್ತದೆ, ಎರಡನೆಯದು ಯಾರ ಕೈಗೆ ಹೋಯಿತು ಎನ್ನುತ್ತದೆ. ಹೋಲ್ಸ್ಟರಿನಲ್ಲೂ ಹಾಗೆಯೇ. ಸಂಗ್ರಹಕಾರರು ಹೆಚ್ಚಾಗಿ ಮೊದಲನೆಯದರ ಹಿಂದೆ ಬೀಳುತ್ತಾರೆ. ನನ್ನ ಪ್ರಕಾರ ಬೆಲೆ ಇರುವುದು ಎರಡನೆಯದಕ್ಕೆ.

ಮೊದಲ ಮಹಾಯುದ್ಧದ ಹೋಲ್ಸ್ಟರ್ ತೆಗೆದುಕೊಳ್ಳಿ. ಮುಚ್ಚಳದ ಒಳಗೆ ಚರ್ಮದ ಕಂಪನಿಯ ಹೆಸರು, ಊರು, ವರ್ಷ ಇರುತ್ತವೆ. ಬರ್ಲಿನ್, 1915 ಅನ್ನುವ ಥರ. ಅದರ ಹತ್ತಿರ ‘ಬಿ.ಎ.’ ಎಂಬ ಎರಡು ಅಕ್ಷರ ಮತ್ತು ಒಂದು ರೋಮನ್ ಅಂಕಿ ಇರಬಹುದು. ಇದು ಆಯಾ ಸೇನಾ ವಿಭಾಗದ ಬಟ್ಟೆಬರೆ ಉಗ್ರಾಣದ ಮುದ್ರೆ. ಅಂಕಿ 14 ಆಗಿದ್ದರೆ ಅದು ಬಾಡೆನ್ ಸೀಮೆಯ ವಿಭಾಗ, ಕೇಂದ್ರ ಕಾರ್ಲ್ಸ್‌ರೂ. 12 ಆದರೆ ಸ್ಯಾಕ್ಸನಿಯದು, ಕೇಂದ್ರ ಡ್ರೆಸ್ಡೆನ್. ಅಂದರೆ ಚರ್ಮದ ಚೀಲ ಮೊದಲು ಬಟ್ಟೆ, ಬೂಟುಗಳ ಜೊತೆ ಲೆಕ್ಕಕ್ಕೆ ಬರುತ್ತಿತ್ತು. ಪಿಸ್ತೂಲು ಬರುತ್ತಿದ್ದದ್ದು ಶಸ್ತ್ರಾಗಾರದ ದಾರಿಯಿಂದ. ಎರಡು ಬೇರೆ ಬೇರೆ ದಾರಿ, ಎರಡು ಬೇರೆ ಲೆಕ್ಕದ ಪುಸ್ತಕ. ಇವೆರಡು ಸೇರುತ್ತಿದ್ದದ್ದು ರೆಜಿಮೆಂಟಿಗೆ ಬಂದ ಮೇಲೆ.

ಇದು ಗೊತ್ತಾದರೆ ವರ್ಷದ ಜಗಳ ಅರ್ಧ ಮುಗಿಯುತ್ತದೆ. ಪಿಸ್ತೂಲು 1916ರದ್ದು, ಹೋಲ್ಸ್ಟರ್ 1915ರದ್ದು. ‘ಅಯ್ಯೋ, ಮ್ಯಾಚ್ ಆಗಲಿಲ್ಲ’ ಎಂದು ಕೈಬಿಡುವವರನ್ನು ನೋಡಿದ್ದೇನೆ. ಒಂದು ವರ್ಷ ಉಗ್ರಾಣದಲ್ಲಿ ಕೂತಿದ್ದ ಚೀಲ ಹೊಸ ಪಿಸ್ತೂಲಿನ ಜೊತೆ ಹೋದರೆ ಅದರಲ್ಲಿ ಆಶ್ಚರ್ಯವೇನಿದೆ? 1937ರ ಪಿಸ್ತೂಲಿಗೆ 1941ರ ಹೋಲ್ಸ್ಟರ್ ಕೂಡ ಸಹಜವೇ. ಚರ್ಮ ಸವೆಯುತ್ತದೆ, ಮಳೆಗೆ ಕೊಳೆಯುತ್ತದೆ, ಬದಲಾಯಿಸುತ್ತಾರೆ. 1917ರ ಪಿಸ್ತೂಲಿಗೆ 1942ರ ಹೋಲ್ಸ್ಟರ್? ಅದೂ ಆಗುತ್ತದೆ. ಮೊದಲ ಯುದ್ಧದ ಎಷ್ಟೋ ಲ್ಯೂಗರ್‌ಗಳು ಎರಡನೆಯದರಲ್ಲೂ ಕೆಲಸ ಮಾಡಿದವು. ಆದರೆ 1942ರ ಪಿಸ್ತೂಲು 1915ರ ಹೋಲ್ಸ್ಟರಿನಲ್ಲಿ ಬಂದರೆ ಸ್ವಲ್ಪ ಕಥೆ ಕೇಳಬೇಕಾಗುತ್ತದೆ. ಆ ಚೀಲ ನಡುವಿನ ಇಪ್ಪತ್ತೇಳು ವರ್ಷ ಎಲ್ಲಿತ್ತು ಎಂಬುದಕ್ಕೆ ಏನಾದರೂ ಗುರುತು ಇರಬೇಕು.

ಅಂಥ ಗುರುತು ಇರುತ್ತದೆ ಕೂಡ. ಕೈಸರ್ ಕಾಲದ ಕಂದು ಹೋಲ್ಸ್ಟರ್‌ಗಳಿಗೆ ಆಮೇಲೆ ಕಪ್ಪು ಬಳಿದು ಬಳಸಿದ್ದಾರೆ. ಮುಚ್ಚಳ ಮಡಚುವ ಜಾಗದಲ್ಲಿ ಚರ್ಮ ಬಿರುಕು ಬಿಟ್ಟಿರುತ್ತದಲ್ಲ, ಅಲ್ಲಿ ಇಣುಕಿ ನೋಡಿ. ಒಳಗೆ ಕಂದು ಕಾಣುತ್ತದೆ. ಮೊದಲ ಮಹಾಯುದ್ಧದ ಬಳಿಕದ ವರ್ಸೇಲ್ಸ್ ಒಪ್ಪಂದದ ನಂತರ ಜರ್ಮನ್ ಸೇನೆಗೆ ಒಂದು ಲಕ್ಷ ಜನರ ಮಿತಿ ಬಿತ್ತು. ಕೈಯಲ್ಲಿದ್ದ ಹಳೆ ಸಾಮಾನನ್ನೇ ತಿದ್ದಿ ತೀಡಿ ಬಳಸಬೇಕಾಯಿತು. ಎಷ್ಟೋ ಲ್ಯೂಗರ್‌ಗಳ ಮೇಲೆ ಹಳೆ ವರ್ಷದ ಜೊತೆ 1920 ಎಂದು ಒತ್ತಿರುವುದು ಆ ಕಾಲದಲ್ಲೇ. ಅದು ತಯಾರಿಸಿದ ವರ್ಷವಲ್ಲ, ಸರ್ಕಾರದ ಆಸ್ತಿ ಎನ್ನುವ ಗುರುತು.

ಈಗ ನಾನು ಎರಡನೆಯ ಬಗೆ ಎಂದೆನಲ್ಲ, ಆ ಮುದ್ರೆ. ದಳದ ಮುದ್ರೆ. 1909ರ ಒಂದು ಸೇನಾ ನಿಯಮ ಯಾವ ದಳ ತನ್ನ ಶಸ್ತ್ರಗಳ ಮೇಲೆ ಹೇಗೆ ಗುರುತು ಹಾಕಬೇಕು ಎಂದು ಹೇಳಿತ್ತು. ಪಿಸ್ತೂಲಿನ ಹಿಡಿಕೆಯ ಮುಂಭಾಗದ ಪಟ್ಟಿಯ ಮೇಲೆ ‘86. ಆರ್. 7. 25.’ ಎಂದು ಇದೆ ಅಂದುಕೊಳ್ಳಿ. 86ನೇ ಕಾಲಾಳು ರೆಜಿಮೆಂಟ್, 7ನೇ ಕಂಪನಿ, 25ನೇ ಶಸ್ತ್ರ. ಹೋಲ್ಸ್ಟರಿನ ಮೇಲೂ ಇದೇ ಸಾಲು ಇದ್ದರೆ, ಅದು ನಿಜವಾದ ಜೋಡಿ. ಎರಡು ದಾರಿಯಿಂದ ಬಂದ ಎರಡು ವಸ್ತುಗಳನ್ನು ಒಬ್ಬ ಕಂಪನಿ ಶಸ್ತ್ರಗಾರ ಒಂದು ಮೇಜಿನ ಮೇಲೆ ಇಟ್ಟು ಸೇರಿಸಿದ್ದಾನೆ ಎಂದರ್ಥ. ಇಂಥದ್ದು ಬಹಳ ಕಮ್ಮಿ. ಒಂದು ಸಲ ಜರ್ಮನಿಯ ಹಳೆ ವಸ್ತುಗಳ ಮೇಳವೊಂದರಲ್ಲಿ ಕೈಯಲ್ಲಿ ಹಿಡಿದು ನೋಡಿದ್ದೆ. ಹೋಲ್ಸ್ಟರಿನ ಮೇಲಿನ ಅಕ್ಷರಗಳು ಅಂಕುಡೊಂಕು. ಕೊನೆಯ ಅಂಕಿ ಅರ್ಧ ಹೊಲಿಗೆಯ ಮೇಲೆ ಹತ್ತಿ ಕೂತಿತ್ತು. ಪಿಸ್ತೂಲಿನ ಮೇಲೆ ಮಾತ್ರ ಸಾಲು ನೆಟ್ಟಗಿತ್ತು. ಕಬ್ಬಿಣಕ್ಕೆ ಹೊಡೆಯುವಾಗ ಇದ್ದ ಶ್ರದ್ಧೆ ಚರ್ಮಕ್ಕೆ ಇರಲಿಲ್ಲ. ನನಗೆ ಆ ಉದಾಸೀನವೇ ಇಷ್ಟವಾಯಿತು. ನಕಲಿ ಮಾಡುವವನು ಅಕ್ಷರಗಳನ್ನು ಹೊಲಿಗೆಯ ಮೇಲೆ ಹತ್ತಿಸುವುದಿಲ್ಲ. ಗಿರಾಕಿಗೆ ಚೆನ್ನಾಗಿ ಕಾಣಲಿ ಎಂದು ಖಾಲಿ ಜಾಗ ಹುಡುಕಿ ನಡುವೆ ಒತ್ತುತ್ತಾನೆ.

ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಹೋಲ್ಸ್ಟರಿಗೂ ನಂಬರ್ ಇದ್ದ ಉದಾಹರಣೆ ಬೇಕೆಂದರೆ ಮೌಸರ್ ಸಿ96 ನೋಡಬೇಕು. ಇದರ ಹೋಲ್ಸ್ಟರ್ ಚರ್ಮದ್ದಲ್ಲ, ಮರದ್ದು. ಮುಚ್ಚಳ ತೆರೆದು ಪಿಸ್ತೂಲು ಹೊರತೆಗೆದು, ಅದೇ ಪೆಟ್ಟಿಗೆಯನ್ನು ಹಿಡಿಕೆಯ ಹಿಂದಕ್ಕೆ ಸಿಕ್ಕಿಸಿದರೆ ಭುಜಕ್ಕೆ ಆನಿಸಿ ಹೊಡೆಯುವ ಸಣ್ಣ ಬಂದೂಕಾಗುತ್ತದೆ. 1916ರಲ್ಲಿ ಜರ್ಮನ್ ಸೇನೆ ಇಂಥ 1,50,000 ಪಿಸ್ತೂಲುಗಳಿಗೆ ಆರ್ಡರ್ ಕೊಟ್ಟಿತು. ಸಾಮಾನ್ಯ ಸಿ96ಕ್ಕೆ 7.63 ಮಿ.ಮೀ. ಗುಂಡು. ಸೇನೆಗೆ ಬೇಕಿದ್ದದ್ದು 9 ಮಿ.ಮೀ. ತಪ್ಪು ಗುಂಡು ಹಾಕದಿರಲಿ ಎಂದು ಹಿಡಿಕೆಯ ಮರದಲ್ಲಿ ದೊಡ್ಡದಾಗಿ 9 ಕೊರೆದು ಕೆಂಪು ಬಳಿದರು. ಇವುಗಳ ಮರದ ಪೆಟ್ಟಿಗೆಯ ಕಬ್ಬಿಣದ ತುದಿಯ ಮೇಲೆ ಪಿಸ್ತೂಲಿನ ನಂಬರ್ ಸಿಗುತ್ತದೆ. ಯಾಕೆ ಅಂದರೆ ಅದು ಬರೀ ಚೀಲವಲ್ಲ, ಪಿಸ್ತೂಲಿಗೆ ಬಿಗಿಯಾಗಿ ಕೂರಬೇಕಾದ ಭಾಗ. ಬಿಗಿಯಾಗಿ ಕೂರಬೇಕಾದ ಕಡೆ ಜರ್ಮನರು ನಂಬರ್ ಹಾಕಿದರು. ಜೋತುಬೀಳುವ ಚರ್ಮಕ್ಕೆ ಹಾಕಲಿಲ್ಲ. ಆ ಪೆಟ್ಟಿಗೆಯ ಹೊರಗೆ ಸುತ್ತುವ ಚರ್ಮದ ಪಟ್ಟಿಗೂ ನಂಬರ್ ಇಲ್ಲ ನೋಡಿ.

ಸರಿ, ಎರಡನೇ ಮಹಾಯುದ್ಧಕ್ಕೆ ಬರೋಣ. 1930ರಿಂದ ಲ್ಯೂಗರ್ ತಯಾರಿಕೆ ಓಬರ್ನ್‌ಡಾರ್ಫ್‌ನ ಮೌಸರ್ ಕಾರ್ಖಾನೆಗೆ ಹೋಯಿತು. ಮರುಶಸ್ತ್ರೀಕರಣ ಗುಟ್ಟಾಗಿ ನಡೆಯುತ್ತಿದ್ದ ಕಾಲ. ಕಾರ್ಖಾನೆಯ ಹೆಸರಿನ ಬದಲು ‘ಎಸ್/42’ ಎಂದು ಒತ್ತಿದರು. 1934ಕ್ಕೆ ‘ಕೆ’, 1935ಕ್ಕೆ ‘ಜಿ’ ಎಂದು ವರ್ಷವನ್ನೂ ಮರೆಮಾಡಿದರು. ಆಮೇಲೆ ಬರೀ ‘42’. 1941ರಲ್ಲಿ ‘ಬಿವೈಎಫ್’. ಚರ್ಮದ ಕಂಪನಿಗಳಿಗೂ ಇದೇ ಗತಿ. ಮೊದಲು ಪೂರ್ತಿ ಹೆಸರು, ಊರು, ವರ್ಷ. ಆಮೇಲೆ ಮೂರು ಅಕ್ಷರದ ಗುಟ್ಟು. ‘ಜೆಕೆಎಚ್’ ಎಂದರೆ ಮೈಂಟ್ಸ್ ಊರಿನ ಕಾರ್ಲ್ ಬುಸ್ಸೆ. ‘ಬಿಎಂಎಲ್’ ಎಂದರೆ ನಾಯ್-ಉಲ್ಮ್‌ನ ಹಾನ್ಸ್ ರೋಮರ್. ‘ಜಿಎಕ್ಸ್‌ವೈ’ ಎಂದರೆ ಡ್ರೆಸ್ಡೆನ್‌ನ ಕ್ಲಿಂಗೆ ಸೋದರರು. ಯುದ್ಧದ ಕೊನೆಯ ಹೊತ್ತಿಗೆ ಅದೂ ಹೋಗಿ ಉದ್ದನೆಯ ಅಂಕಿಗಳ ಸಾಲು ಬಂತು.

ಇವುಗಳ ಪಕ್ಕದಲ್ಲಿ ಹದ್ದು, ಅದರ ಕೆಳಗೆ ‘ವಾ.ಆ.’ ಎಂಬ ಅಕ್ಷರ ಮತ್ತು ಒಂದು ಅಂಕಿ. ಇದು ಸೇನೆಯ ಶಸ್ತ್ರ ಇಲಾಖೆಯ ತಪಾಸಣೆಗಾರರ ಮುದ್ರೆ. ಇಲ್ಲೊಂದು ಗೊಂದಲ ಬಹಳ ಸಲ ಆಗುತ್ತದೆ. ಆ ಅಂಕಿ ಕಂಪನಿಯದ್ದಲ್ಲ, ತಪಾಸಣೆಗಾರರದ್ದು. ಒಂದೇ ತಂಡ ಹಲವು ಕಾರ್ಖಾನೆಗಳಿಗೆ ಹೋಗಬಹುದಿತ್ತು. ಹಾಗಾಗಿ ಪಿಸ್ತೂಲಿನ ಮೇಲಿನ ಅಂಕಿಯೂ ಹೋಲ್ಸ್ಟರಿನ ಮೇಲಿನ ಅಂಕಿಯೂ ಒಂದೇ ಆಗಿರಬೇಕು ಎಂದು ಹುಡುಕುವುದು ಸುಮ್ನೆ ದಣಿವು. ಓಬರ್ನ್‌ಡಾರ್ಫ್‌ನಲ್ಲಿ ಕಬ್ಬಿಣ ನೋಡುವವರು ಬೇರೆ, ಡ್ರೆಸ್ಡೆನ್‌ನಲ್ಲಿ ಚರ್ಮ ನೋಡುವವರು ಬೇರೆ.

ಜರ್ಮನಿಯಲ್ಲಿ ಸ್ವಸ್ತಿಕದ ಗುರುತನ್ನು ಸಾರ್ವಜನಿಕವಾಗಿ ತೋರಿಸುವುದಕ್ಕೆ ಕಾನೂನಿನ ಅಡ್ಡಿ ಇದೆ. ಅಧ್ಯಯನ, ಬೋಧನೆ, ಕಲೆಗೆ ವಿನಾಯಿತಿ. ಅದಕ್ಕೇ ಅಲ್ಲಿನ ಮಾರಾಟಗಾರರು ಫೋಟೋದಲ್ಲಿ ಸ್ವಸ್ತಿಕ ಹಿಡಿದ ಹದ್ದಿನ ಕಾಲ ಕೆಳಗೆ ಚಿಕ್ಕ ಕಾಗದ ಅಂಟಿಸಿರುತ್ತಾರೆ. ಕಾನೂನು ಸರಿ. ಆದರೆ ಕೊಳ್ಳುವವರು ಹತ್ತಿರದಿಂದ ನೋಡಬೇಕಾದ ಜಾಗವೇ ಮುಚ್ಚಿಹೋಗಿರುತ್ತದೆ.

1938ರಲ್ಲಿ ಸೇನೆ ವಾಲ್ಟರ್ ಕಂಪನಿಯ ಪಿ.38ನ್ನು ಒಪ್ಪಿಕೊಂಡಿತು. ಲ್ಯೂಗರಿಗಿಂತ ಅಗ್ಗ, ಮಾಡುವುದು ಸುಲಭ. ಮೌಸರ್‌ನಲ್ಲಿ ಲ್ಯೂಗರ್ 1942ಕ್ಕೆ ನಿಂತು ಪಿ.38 ಶುರುವಾಯಿತು. ಎರಡು ಬಗೆಯ ಪಿಸ್ತೂಲು ಒಂದೇ ಸೇನೆಯಲ್ಲಿ ಓಡಾಡುವಾಗ ಚೀಲ ಅದಲುಬದಲಾಗಬಾರದಲ್ಲ, ಹೋಲ್ಸ್ಟರಿನ ಬೆನ್ನಿಗೆ ‘ಪಿ.08’ ಅಥವಾ ‘ಪಿ.38’ ಎಂದು ಒತ್ತಿರುವುದು ಇದಕ್ಕೆ ಅನುಕೂಲ. ಪಿ.38ಕ್ಕೆ ಆ ಬಾಗಿದ ಸ್ಕ್ರೂಡ್ರೈವರ್ ಬೇಕಿಲ್ಲ. ಅದಕ್ಕೇ ಅದರ ಹೋಲ್ಸ್ಟರಿನ ಮುಚ್ಚಳದಲ್ಲಿ ಸಾಮಾನ್ಯವಾಗಿ ಒಳಜೇಬು ಇರುವುದಿಲ್ಲ. ಮೊದಲು ಬಂದದ್ದು ಗಟ್ಟಿ ಚರ್ಮದ್ದು. ಆಮೇಲೆ ಮೆತ್ತಗಿನ, ಕಮ್ಮಿ ಚರ್ಮದ, ಬಕಲ್ ಬದಲು ಒಂದು ಗುಂಡಿಗೆ ಪಟ್ಟಿ ಸಿಕ್ಕಿಸುವ ಮಾದರಿ ಬಂತು. ಯುದ್ಧ ಸೋಲುತ್ತಾ ಹೋದಂತೆ ಚರ್ಮ ತೆಳ್ಳಗಾಗುವುದನ್ನು ಬೆರಳಲ್ಲೇ ಅಳೆಯಬಹುದು. ಒತ್ತಿದ ಕಾಗದದ ಪದರಗಳಿಂದ ಮಾಡಿದ, ಚರ್ಮದಂತೆ ಕಾಣುವ ಬದಲಿ ಸಾಮಾನೂ ಬಂತು.

ಮುದ್ರೆಗಳ ವಿಷಯ ಇಷ್ಟು. ಆದರೆ ಮುದ್ರೆಯನ್ನು ಇವತ್ತೂ ಒತ್ತಬಹುದು. ಬೇಕಾದ ಠಸ್ಸೆ ಮಾಡಿಸಿಕೊಳ್ಳುವುದು ದೊಡ್ಡ ಕೆಲಸವಲ್ಲ. ಅದರಲ್ಲೂ ನಾಜಿ ಪಕ್ಷದ ಪಡೆಯಾದ ಎಸ್‌ಎಸ್‌ನ ಗುರುತು ಇದ್ದರೆ ಬೆಲೆ ಏರುತ್ತದೆ, ಆದ್ದರಿಂದ ನಕಲಿ ಹೆಚ್ಚಾಗಿ ಬರುವುದು ಅದರಲ್ಲೇ. ಸಾದಾ, ಒಳ್ಳೆಯ ಹೋಲ್ಸ್ಟರಿಗೆ ಆ ಗುರುತು ಒತ್ತಿ ಹಾಳು ಮಾಡಿದ್ದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಾಗಾದರೆ ನಂಬುವುದು ಯಾವುದನ್ನು? ಚರ್ಮ ತಾನೇ ನೆನಪಿಟ್ಟುಕೊಂಡದ್ದನ್ನು. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ.

ಲ್ಯೂಗರಿನ ಮೇಲ್ಭಾಗದಲ್ಲಿ ಎರಡು ಪಕ್ಕಕ್ಕೂ ದುಂಡು ಗುಬುಟುಗಳಿವೆ. ಹಿಂದಕ್ಕೆ ಎಳೆಯಲು ಬೆರಳಿಡುವ ಜಾಗ. ವರ್ಷಗಟ್ಟಲೆ ಪಿಸ್ತೂಲು ಒಳಗಿದ್ದರೆ ಆ ಗುಬುಟು ಚರ್ಮದಲ್ಲಿ ನಾಣ್ಯದಷ್ಟು ದುಂಡು ತಗ್ಗು ಮಾಡುತ್ತದೆ. ಹೊರಗಿನಿಂದ ನೋಡಿದರೆ ಉಬ್ಬು, ಒಳಗೆ ಬೆರಳಾಡಿಸಿದರೆ ನುಣುಪು. ಪಿ.38ಕ್ಕೆ ಇಂಥ ಗುಬುಟು ಇಲ್ಲ. ಇನ್ನು ಮ್ಯಾಗಜೀನ್ ಚೀಲ. ಲ್ಯೂಗರ್ ಮ್ಯಾಗಜೀನಿನ ತಳದ ಎರಡೂ ಪಕ್ಕದಲ್ಲಿ ಬಳೆ ಬಳೆಯಾಗಿ ಗೆರೆಯಿರುವ ದುಂಡು ಗುಂಡಿ ಇದೆ, ಎಳೆಯಲು ಹಿಡಿತಕ್ಕೆ. ಚೀಲದ ಮುಚ್ಚಳದ ಹತ್ತಿರ ಆ ದುಂಡು ಒತ್ತಿಕೊಂಡಿರುತ್ತದೆ. ಒಳಜೇಬಿನ ಮೇಲೆ ಬಾಗಿದ ಸ್ಕ್ರೂಡ್ರೈವರಿನ ಅಚ್ಚು ಮೂಡಿರುತ್ತದೆ. ತುಕ್ಕಿನ ಕಲೆಯೂ ಇರಬಹುದು. ಜೇಬಿನೊಳಗೆ ಹಳೆ ತುಕ್ಕಿನ ಕಲೆ ಇದ್ದು, ಅದರಲ್ಲಿರುವ ಸ್ಕ್ರೂಡ್ರೈವರ್ ಮಾತ್ರ ಹೊಳೆಯುತ್ತಿದ್ದರೆ ಅದು ಆ ಜೇಬಿನದಲ್ಲ ಎಂದು ಬೇರೆಯವರು ಹೇಳಬೇಕಿಲ್ಲ.

ಮುದ್ರೆಯನ್ನು ಪಕ್ಕದಿಂದ ಟಾರ್ಚ್ ಹಾಕಿ ನೋಡಿ. ಹಳೆಯದನ್ನು ಒತ್ತಿದ್ದು ಚರ್ಮ ಹಸಿ ಇದ್ದಾಗ, ಬಣ್ಣ, ಪಾಲಿಶ್ ಆಗುವ ಮೊದಲು. ಅಂಚು ದುಂಡಾಗಿರುತ್ತದೆ. ತಗ್ಗಿನ ತಳದಲ್ಲೂ ಅದೇ ಬಣ್ಣ, ಅದೇ ಧೂಳು. ಎಂಬತ್ತು ವರ್ಷ ಒಣಗಿದ ಚರ್ಮಕ್ಕೆ ಈಗ ಒತ್ತಿದರೆ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ತಳದಲ್ಲಿ ಎಳೆ ಬಿಳುಪು ಕಾಣುತ್ತದೆ. ಆ ಬಿಳುಪನ್ನು ಮುಚ್ಚಲು ಬೂಟ್ ಪಾಲಿಶ್ ತಿಕ್ಕಿರುತ್ತಾರೆ. ಬಿಳಿ ಬಟ್ಟೆ ಸುತ್ತಿದ ಕಡ್ಡಿಯಿಂದ ಮುಟ್ಟಿದರೆ ಅಂಟಿಕೊಂಡು ಬರುತ್ತದೆ.

ದಾರಕ್ಕೆ ನೇರಳಾತೀತ ದೀಪ ಹಿಡಿಯುವವರು ಇದ್ದಾರೆ. ಹೊಸ ಪಾಲಿಯೆಸ್ಟರ್ ದಾರ ನೀಲಿ ಬಿಳುಪಾಗಿ ಹೊಳೆಯುತ್ತದೆ, ಹಳೆ ಅಗಸೆ ನಾರಿನ ದಾರ ಮಂಕಾಗಿರುತ್ತದೆ. ಒಳ್ಳೆಯ ಉಪಾಯವೇ. ಆದರೆ ಅದೊಂದನ್ನೇ ನಂಬಬೇಡಿ. ಯಾರೋ ಸೋಪಿನ ಪುಡಿ ಹಾಕಿ ತೊಳೆದಿದ್ದರೆ ಹಳೆ ದಾರವೂ ಹೊಳೆಯುತ್ತದೆ. ಮತ್ತೆ, ಹೊಸ ದಾರ ಎಂದರೆ ಮೋಸ ಎಂದೇನೂ ಅಲ್ಲ. ಪೂರ್ವ ಜರ್ಮನಿಯ ಪೊಲೀಸರು ಯುದ್ಧದ ನಂತರವೂ ಇವೇ ಪಿಸ್ತೂಲುಗಳನ್ನು ಬಳಸಿದರು. ಓಬರ್ನ್‌ಡಾರ್ಫ್ ಫ್ರೆಂಚರ ಕೈಗೆ ಸಿಕ್ಕ ಮೇಲೆ ಅವರು ಅಲ್ಲೇ ಪಿ.38 ಮಾಡಿಸಿಕೊಂಡರು. ಹಳೆ ಚೀಲಗಳನ್ನು ಆಗಲೂ ಹೊಲಿದಿದ್ದಾರೆ. ಹೊಲಿಗೆ ಹೊಸದು, ತೂತು ಹಳೆಯದು ಆಗಿದ್ದರೆ ಅದು ದುರಸ್ತಿ. ತೂತೂ ಹೊಸದಾಗಿದ್ದರೆ ಯೋಚಿಸಿ.

ನಮ್ಮ ಕಡೆಯ ಸಂಬಂಧವೇನು ಎಂದು ಒಬ್ಬರು ಚೀಟಿ ಕಳಿಸಿದ್ದಾರೆ. ಇದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಇದ್ದರು. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಎದುರಿಗಿದ್ದದ್ದು ತುರ್ಕಿಯ ಸೇನೆ, ಜೊತೆಗೆ ಜರ್ಮನರು. ಸೆರೆ ಸಿಕ್ಕವರಲ್ಲಿ ಇಬ್ಬರು ಜರ್ಮನ್ ಅಧಿಕಾರಿಗಳಿದ್ದರು. ಎರಡನೇ ಯುದ್ಧದಲ್ಲಿ ನಮ್ಮ ಮದ್ರಾಸ್ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರ್ ದಳದವರು ಉತ್ತರ ಆಫ್ರಿಕಾ, ಇಟಲಿಯಲ್ಲಿ ಜರ್ಮನರ ಎದುರು ಇದ್ದರು. ಹಾಗಾಗಿ ‘ನಮ್ಮ ಮುತ್ತಾತ ತಂದದ್ದು’ ಎಂಬ ಚರ್ಮದ ಚೀಲವೊಂದು ಯಾರದಾದರೂ ಅಟ್ಟದಲ್ಲಿ ಇದ್ದರೆ ಅದು ಅಸಾಧ್ಯವಲ್ಲ. ಆದರೆ ‘ಹೈಫಾದಿಂದ ತಂದದ್ದು’ ಎಂದು ತೋರಿಸಿ, ಅದರ ಮೇಲೆ ಹದ್ದು ಮತ್ತು ‘ವಾ.ಆ.’ ಇದ್ದರೆ ಕಥೆ ನಿಲ್ಲುವುದಿಲ್ಲ. ಆ ಮುದ್ರೆ ಹಿಟ್ಲರ್ ಕಾಲದ್ದು. ಹೈಫಾದ್ದಾಗಬೇಕಾದರೆ ಮುಚ್ಚಳದೊಳಗಿನ ವರ್ಷ 1918 ಅಥವಾ ಅದಕ್ಕಿಂತ ಹಿಂದಿನದಾಗಿರಬೇಕು. ಮನೆಯ ಹಿರಿಯರು ಸುಳ್ಳು ಹೇಳಿದ್ದಾರೆ ಎಂದೇನಲ್ಲ. ಇಬ್ಬರು ಹಿರಿಯರ ಎರಡು ಯುದ್ಧಗಳು ಒಂದೇ ಕಥೆಯಲ್ಲಿ ಸೇರಿಹೋಗಿರಬಹುದು. ಚೀಲದೊಳಗೆ ಪಿಸ್ತೂಲೂ ಇದ್ದರೆ ಮಾತ್ರ ಮುದ್ರೆ ಓದುತ್ತಾ ಕೂರಬೇಡಿ, ಮೊದಲು ಲೈಸೆನ್ಸಿನ ವಿಷಯ ನೋಡಿಕೊಳ್ಳಿ.

ಕಥೆಗೆ ಕಾಗದದ ಆಧಾರ ಇರುವುದು ಅಮೆರಿಕದವರ ಹತ್ತಿರ. ಯುದ್ಧ ಮುಗಿಸಿ ಊರಿಗೆ ಹೊರಟ ಅಮೆರಿಕನ್ ಸೈನಿಕರು ವಶಪಡಿಸಿಕೊಂಡ ಪಿಸ್ತೂಲು ಒಯ್ಯಲು ಮೇಲಧಿಕಾರಿಯ ಸಹಿಯಿರುವ ಕಾಗದ ಬೇಕಿತ್ತು. ಎಷ್ಟೋ ಕಾಗದಗಳಲ್ಲಿ ನಂಬರ್ ಕೂಡ ಬರೆದಿರುತ್ತದೆ. ಆ ಕಾಗದ ಇದ್ದರೆ ಪಿಸ್ತೂಲು, ಹೋಲ್ಸ್ಟರ್ 1945ರಿಂದ ಒಟ್ಟಿಗಿವೆ ಎಂದು ನಂಬಲು ಒಳ್ಳೆಯ ಕಾರಣ ಸಿಗುತ್ತದೆ. ಅದಕ್ಕಿಂತ ಹಿಂದೆ ಒಟ್ಟಿಗಿದ್ದವಾ? ಅದಕ್ಕೆ ಮತ್ತೆ ಚರ್ಮವನ್ನೇ ಕೇಳಬೇಕು.

ಕೊನೆಯ ಪ್ರಶ್ನೆ: ‘ಹೋಲ್ಸ್ಟರ್ ಇದೆ, ಸ್ಕ್ರೂಡ್ರೈವರ್ ಇಲ್ಲ. ಬೇರೆ ಕಡೆಯಿಂದ ತಂದು ಹಾಕಬಹುದಾ?’ ಹಾಕಬಹುದು. ಅದೇ ಕಾಲದ್ದು, ಸರಿಯಾದ ತಪಾಸಣೆ ಮುದ್ರೆ ಇರುವುದು ಹುಡುಕಿ. ಆದರೆ ಜೇಬಿನೊಳಗೆ ಇಡಬೇಡಿ, ಪಕ್ಕದಲ್ಲಿಡಿ. ಹದ ಮಾಡಿದ ಚರ್ಮದಲ್ಲಿ ಹುಳಿ ಇರುತ್ತದೆ, ತೇವ ಹಿಡಿದುಕೊಳ್ಳುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಹಿತ್ತಾಳೆಯ ಗುಂಡಿಗಳ ಸುತ್ತ ಹಸಿರು ಮೇಣದಂತೆ ಬೆಳೆದಿದ್ದರೆ ಮರದ ಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ, ಎಣ್ಣೆ ಸುರಿಯಬೇಡಿ. ಎಣ್ಣೆ ಹಾಕಿದರೆ ಚರ್ಮ ಮೆತ್ತಗಾಗಿ ಆ ದುಂಡು ತಗ್ಗುಗಳು ಸಡಿಲವಾಗುತ್ತವೆ. ಸ್ಕ್ರೂಡ್ರೈವರ್ ಜೊತೆ ಒಂದು ಚೀಟಿ ಇಡಿ: ಯಾವಾಗ, ಎಲ್ಲಿ ಕೊಂಡಿರಿ, ಯಾವ ಹೋಲ್ಸ್ಟರಿಗೆ ಸೇರಿಸಿದಿರಿ. ಪೆನ್ಸಿಲಿನಲ್ಲಿ ಬರೆಯಿರಿ. ಬಾಲ್‌ಪೆನ್ ಶಾಯಿ ಚರ್ಮದ ಜಿಡ್ಡು ತಗುಲಿದರೆ ಹರಡುತ್ತದೆ.